ಮಾಮಾ ಬಿಟ್ಟಿದ್ದ ಎರಡು ಸುತ್ತು ಕೇಬಲ್

ಆಗೂದಿಲ್ಲ ಎಂದವನು ಹೊರಗಿನವನಲ್ಲ, ನನ್ನ ಅವ್ವನ ತಮ್ಮ, ಮಾಮಾ. ರಾಯಬಾಗದ ಓಣಿ ಓಣಿಗೂ ಟಿವಿ ಕೇಬಲ್ ಎಳೆದವನು. ನಮ್ಮ ಕಾಲೇಜಿನಿಂದ ರಸ್ತೆಯಾಚೆಯ ಹಾಸ್ಟೆಲಿಗೆ, ನೆಲದಡಿಯ ಪೈಪಿನಲ್ಲಿ ಕೇಬಲ್ ಹಾಯಿಸಿದವನೂ ಅವನೇ.

ಹಾಸ್ಟೆಲಿಗೆ ಇಂಟರ್ನೆಟ್ ಇರಲಿಲ್ಲ. ಕಂಬದ ಮೇಲೆ ಎಳೆದ ವೈರನ್ನು ಕಬ್ಬು ಹೇರಿದ ಟ್ರ್ಯಾಕ್ಟರುಗಳು ಪ್ರತಿ ಹಂಗಾಮಿನಲ್ಲೂ ಹರಿದುಕೊಂಡು ಹೋಗುತ್ತಿದ್ದವು. ಟಿವಿ ನಿಂತು ಎಷ್ಟೋ ವರ್ಷವಾಗಿದ್ದರೂ ಮಾಮಾನ ಕೇಬಲ್ ಮಾತ್ರ ನೆಲದಡಿ ಹಾಗೇ ಇತ್ತು. ಅದರ ಎರಡು ತುದಿಗೆ ಒಂದೊಂದು ಅಡಾಪ್ಟರ್ ಪೆಟ್ಟಿಗೆ ಕೂಡಿಸಿ ನೆಟ್‌ವರ್ಕ್ ಹರಿಸುತ್ತೇನೆಂದು ಕೊನೆಯ ವರ್ಷದ ಪ್ರಾಜೆಕ್ಟಿಗೆ ಬರೆದುಕೊಟ್ಟೆ. ಪ್ರಾಜೆಕ್ಟ್ ಬಿದ್ದರೆ ಡಿಗ್ರಿಯೂ ಬಿದ್ದಂತೆ. ಕುರಿ ಕಾಯುವ ನಮ್ಮ ಮನೆಯಲ್ಲಿ ಅಲ್ಲಿಯವರೆಗೆ ಹತ್ತನೇ ಇಯತ್ತೆ ದಾಟಿದವರೇ ಇರಲಿಲ್ಲ.

“ಹುಚ್ಚಿ, ಅದು ಟಿವಿ ವೈರ್ ಐತಿ. ಅದರಾಗ ಕಂಪ್ಯೂಟರ್ ಹೆಂಗ ಓಡತೈತಿ? ನಾ ಹಾಕಿದ್ದು, ನನಗ ಗೊತ್ತಿಲ್ಲೇನು?” ಎಂದ ಮಾಮಾ.

“ಚಿತ್ರ ಹೋದ ದಾರ್ಯಾಗ ಅಕ್ಷರ ಹೋಗೂದಿಲ್ಲೇನು ಮಾಮಾ?”

“ಬಾಯಿ ಅಂತೂ ಪಾಸಾಗೇತಿ ಬಿಡು ನಿಂದು!”

ಪೆಟ್ಟಿಗೆಗಳನ್ನು ಕೂಡಿಸಿದೆ. ಸಂಪರ್ಕ ಸಿಕ್ಕರೆ ಹತ್ತಬೇಕಾದ ಲಿಂಕ್ ದೀಪ ಹತ್ತಲಿಲ್ಲ. ತುದಿ ಬಿಚ್ಚಿ ಮತ್ತೆ ಕೂಡಿಸಿದೆ, ಆಗಲೂ ಇಲ್ಲ. ಪರೀಕ್ಷಕರು ಬರುವುದು ಮರುದಿನ. ಮಾಮಾನನ್ನು ಕರೆಸಿ ನೇರವಾಗಿ ಕೇಳಿದೆ: “ನಡುವ ಎಲ್ಲೆರೆ ಕವಲ ಒಡದೀಯೇನು?”

ಅವನು ಕಿವಿ ಕೆರೆದುಕೊಂಡ. “ಅಡಗಿಮನಿಗೊಂದು ಕೊಟ್ಟಿದ್ನಿ. ಅಡಗಿ ಮಾಡೂ ಬಾಯಾರು ಮರಾಠಿ ಸೀರಿಯಲ್ ಸಲುವಾಗಿ ಜೀವಾ ತಿಂದಿದ್ರು.”

ಹಾಸ್ಟೆಲಿನ ಅಡಿಗೆಮನೆಯ ಗೋಡೆಯ ಬುಡದಲ್ಲಿದ್ದ ಕಲ್ಲುಚಪ್ಪಡಿ ಎತ್ತಿದೆವು. ಒಂದು ಕೇಬಲ್ಲನ್ನು ಎರಡು ಮಾಡುವ ಆ ಪುಟ್ಟ ಡಬ್ಬಿ ಅಲ್ಲಿತ್ತು. ಪೂರ್ತಿ ತುಕ್ಕು. ಒಳಗಿನ ತಾಮ್ರ ಗೇಣುದ್ದ ಹಸಿರಾಗಿತ್ತು. ಅಷ್ಟನ್ನೂ ಕತ್ತರಿಸಿದರೆ ಎರಡು ತುದಿ ಒಂದಕ್ಕೊಂದು ಮುಟ್ಟುವುದಿಲ್ಲ ಎಂದುಕೊಂಡೆ. ಮಾಮಾ ಕೈಹಾಕಿ ಮಣ್ಣು ಸರಿಸಿದ. ಕೆಳಗೆ ಎರಡು ಸುತ್ತು ಕೇಬಲ್ ಸಿಂಬಿಯಂತೆ ಮಲಗಿತ್ತು. ಹಾಕಿದಲ್ಲೆಲ್ಲ ಎರಡು ಸುತ್ತು ಹೆಚ್ಚಿಗೆ ಬಿಡುವುದು ಅವನ ರೂಢಿ. ಅದಕ್ಕಾಗಿ ಕೇಬಲ್ ಕಂಪನಿಯ ಮಾಲೀಕನಿಂದ ಬೈಸಿಕೊಂಡವನೂ ಹೌದು.

“ಮುಂದ ಯಾರಿಗೆರೆ ಬೇಕಾಗತೈತಿ ಅಂತ ಬಿಟ್ಟಿದ್ನಿ,” ಎಂದ ಮೆಲ್ಲಗೆ.

ಹಸಿರು ಹಿಡಿದಷ್ಟನ್ನೂ ಕತ್ತರಿಸಿದೆ. ಹೊಳೆಯುವ ತಾಮ್ರ ಸಿಕ್ಕಿತು. ಅವನು ಹಿಡಿದ, ನಾನು ಜೋಡಿಸಿದೆ. ಹಾಸ್ಟೆಲಿನ ಕಿಟಕಿಯಿಂದ ಗೆಳತಿ ಕೂಗಿದಳು: “ಹತ್ತೇತಿ! ದೀಪಾ ಹತ್ತೇತಿ!” ಹುಡುಗಿಯರೆಲ್ಲ ತಾಟು ಬಡಿದರು. ನಾನು ಮಣ್ಣುಗೈಯಲ್ಲೇ ಕುಣಿದೆ.

ಮರುದಿನ ಪರೀಕ್ಷಕರು ಹಾಸ್ಟೆಲಿನಲ್ಲಿ ಕೂತು ಕಾಲೇಜಿನ ಕಂಪ್ಯೂಟರಿನಲ್ಲಿದ್ದ ಪಾಠ ತೆರೆದರು. ಒಂದೇ ಸಲಕ್ಕೆ ತೆರೆಯಿತು.

ಡಿಗ್ರಿ ಪ್ರಮಾಣಪತ್ರ ಪಡೆದು ವೇದಿಕೆಯಿಂದ ಇಳಿದವಳೇ ಅದನ್ನು ಮಾಮಾನ ಕೈಗಿಟ್ಟೆ. ಅವನು ಅಂಗಿಗೆ ಕೈ ಒರೆಸಿಕೊಂಡು ಹಿಡಿದ. ಒಂದೊಂದೇ ಅಕ್ಷರ ಕೂಡಿಸಿ ನನ್ನ ಹೆಸರು ಓದಿದ. ಆಮೇಲೆ ಹಾಳೆ ತಿರುವಿ ಹಿಂದುಗಡೆಯನ್ನೂ ನೋಡಿದ.

“ಎಲ್ಲಾ ಚಂದ ಐತಿ ಬೇ. ಆದ್ರ ವೈರ್ ಹಾಕಿದಾಂವನ ಹೆಸರ ಎಲ್ಲೂ ಬರದಿಲ್ಲಲಾ?”