ಗುಣವತಿಬಾಯಿಯ ಹಳೆ ತಟ್ಟೆ, ಹೊಸ ಸಿಡಿಗಳು

ತಿರುಮಲೇಶನಿಗೆ ವಿಮಾ ಕಂಪನಿಯಲ್ಲಿ ಕೆಲಸ. ಮೈಸೂರಿನಿಂದ ಚೆನ್ನೈಗೆ ವರ್ಗವಾಗಿ ಬಂದಾಗ ಲಾರಿಯಲ್ಲಿ ಪಾತ್ರೆಪಗಡ ಹಾಕಿ, ಗ್ರಾಮಫೋನ್ ತಟ್ಟೆಗಳ ಪೆಟ್ಟಿಗೆಯನ್ನು ಮಾತ್ರ ತೊಡೆಯ ಮೇಲೆ ಇಟ್ಟುಕೊಂಡು ರೈಲಿನಲ್ಲಿ ಬಂದಿದ್ದ. ಕ್ರೋಂಪೇಟೆಯ ಸಣ್ಣ ಮನೆಯಲ್ಲಿ ಇದ್ದ ಒಂದೇ ದೊಡ್ಡ ಕಪಾಟು ಆ ತಟ್ಟೆಗಳಿಗೇ ಹೋಯಿತು. ಹೆಂಡತಿ ಅಂಬುಜಾ ಹೊದಿಕೆಗಳನ್ನೆಲ್ಲ ಮಂಚದ ಕೆಳಗೆ ಸೂಟ್‌ಕೇಸಿಗೆ ತುರುಕಿದಳು.

ಅವನಿಗೆ ಅಚ್ಚುಮೆಚ್ಚಿನ ಗಾಯಕಿ ಗುಣವತಿಬಾಯಿ. ದೇವರನಾಮ ಹಾಡುತ್ತಿದ್ದ ಆಕೆ ತೀರಿಕೊಂಡು ಬಹಳ ಕಾಲವಾಗಿತ್ತು. ಬಿಟ್ಟುಹೋದದ್ದು ಒಂದೇ ಒಂದು ಎಲ್‌ಪಿ ತಟ್ಟೆ; ಅದರದೇ ಕ್ಯಾಸೆಟ್ಟೂ ಅವನಲ್ಲಿತ್ತು. 1998ರಲ್ಲಿ ಅದು ಸಿಡಿಯಾಗಿ ಬಂತೆಂದು ಗೊತ್ತಾದದ್ದೇ ತಡ, ಆಫೀಸಿನಿಂದ ನೇರವಾಗಿ ಟಿ. ನಗರಕ್ಕೆ ಹೋಗಿ ಕೊಂಡು ತಂದ.

"ಇನ್ಮೇಲೆ ಹೊಸದು ಬಂದ್ರೆ ಹಳೇದು ಆಚೆಗೆ. ನೀನೇ ನೋಡ್ತಿರು, ವರ್ಷದೊಳಗೆ ಕಪಾಟು ಖಾಲಿ ಮಾಡಿಕೊಡ್ತೀನಿ," ಎಂದು ಅಂಬುಜೆಗೆ ಮಾತು ಕೊಟ್ಟ.

ಆದರೆ ಸಿಡಿ ಕೇಳುತ್ತ ಕೂತವನ ಮುಖ ಸಪ್ಪಗಾಯಿತು. ತಟ್ಟೆಯಲ್ಲಿದ್ದ ಕೊನೆಯ ಹಾಡು, ಆ ಪದವೇ ಇರಲಿಲ್ಲ. ಬೇರೊಬ್ಬಾಕೆಯ ಹಾಡುಗಳನ್ನೂ ಅದರಲ್ಲಿ ಸೇರಿಸಿದ್ದರಿಂದ ಜಾಗ ಸಾಲದೆ ಬಿಟ್ಟಿದ್ದರು. ಎಲ್‌ಪಿ ಕಪಾಟಿನಲ್ಲೇ ಉಳಿಯಿತು.

ಮೂರು ವರ್ಷದ ನಂತರ ಇನ್ನೊಂದು ಸಿಡಿ ಬಂತು. ಅದರಲ್ಲಿ ಎಲ್ಲ ಪದಗಳೂ ಇದ್ದವು. ಹಳೆಯ ಗೊರಗೊರ ಸದ್ದನ್ನೆಲ್ಲ ತೊಳೆದು ತೆಗೆದಿದ್ದರು, ಅದರ ಜೊತೆಗೆ ತಂಬೂರಿಯ ನಾದವೂ ತೊಳೆದುಹೋಗಿತ್ತು. ಬಾವಿಯೊಳಗಿಂದ ಒಬ್ಬಳೇ ಹಾಡಿದಂತೆ ಕೇಳುತ್ತಿತ್ತು. 2004ರದ್ದರಲ್ಲಿ ತಂಬೂರಿ ಮರಳಿತು, ಈ ಸಲ ವೇಗ ಹೆಚ್ಚಾಗಿತ್ತು. ಐವತ್ತು ದಾಟಿದ ಹೆಂಗಸು ಹದಿನಾರರ ಹುಡುಗಿಯ ಶ್ರುತಿಯಲ್ಲಿ ಓಡೋಡಿ ಹಾಡುತ್ತಿದ್ದಳು.

"ತಟ್ಟೆ, ಕ್ಯಾಸೆಟ್ಟು, ಮೇಲೆ ಮೂರು ಸಿಡಿ. ಹಾಡಿದೋಳು ಒಬ್ಳೇ ತಾನೆ?" ಎಂದಳು ಅಂಬುಜಾ. "ನಮ್ಮತ್ತೆ ಬಂದ್ರೆ ಅವರ ಸೀರೆ ಇಡೋಕ್ಕೂ ಜಾಗ ಇಲ್ಲ ಈ ಮನೇಲಿ."

"ಯಾವುದನ್ನ ಬಿಸಾಕ್ಲಿ ಹೇಳು! ಒಂದರಲ್ಲಿ ಪದ ಇಲ್ಲ, ಒಂದರಲ್ಲಿ ತಂಬೂರಿ ಇಲ್ಲ, ಒಂದರಲ್ಲಿ ಶ್ರುತಿ ಇಲ್ಲ."

"ಎಲ್ಲಾಂ ಒಣ್ಣುದಾನೇಪ್ಪಾ," ಎಂದಳು ಕಾಲೇಜಿಗೆ ಹೊರಟಿದ್ದ ಮಗಳು ಪಾವನಾ. ಎಲ್ಲ ಒಂದೇ ಅಂದದ್ದು ಅವನಿಗೆ ಹೆಂಡತಿಯ ಮಾತಿಗಿಂತ ಹೆಚ್ಚು ಉರಿಯಿತು.

ಮರುದಿನವೇ ರಜೆ ಹಾಕಿ, ಆ ಸಿಡಿಗಳನ್ನು ತಂದಿದ್ದ ಕ್ಯಾಸೆಟ್ ಕಂಪನಿಯ ಆಫೀಸಿಗೆ ಹೋದ. ಅಲ್ಲಿಯ ಮ್ಯಾನೇಜರು ರಘುರಾಮ, ಮೂರು ತಲೆಮಾರಿನಿಂದ ಮದರಾಸಿನಲ್ಲೇ ಇದ್ದ ಕನ್ನಡದವರು. ಸಿಟ್ಟನ್ನೆಲ್ಲ ಸಮಾಧಾನವಾಗಿ ಕೇಳಿಸಿಕೊಂಡರು.

"ನೀವು ಸೊಲ್ಲೋದು ಕರೆಕ್ಟು ಸಾರ್. ಏನು ಮಾಡೋದು, ಮೂಲ ಟೇಪೇ ಕೆಟ್ಟು ಪೋಚ್ಚು. ನಿಮ್ಮ ಹತ್ರ ಎಲ್‌ಪಿ ಇದ್ರೆ ಕೊಡಿ, ಅದ್ರಿಂದಲೇ ಅಡುತ್ತ ಸಿಡಿ, ಮುಂದೆ ಬರೋದನ್ನ, ಸರಿಯಾಗಿ ಮಾಡಿಬಿಡೋಣ."

ತಿರುಮಲೇಶ ಉಬ್ಬಿಹೋದ. ತಟ್ಟೆಯನ್ನು ಹಳೆಯ ಪಂಚೆಯಲ್ಲಿ ಸುತ್ತಿ, ಜನ ತುಂಬಿದ ಎಲೆಕ್ಟ್ರಿಕ್ ರೈಲಿನಲ್ಲಿ ಎದೆಗವಚಿಕೊಂಡು ನಿಂತೇ ಹೋಗಿ ಕೊಟ್ಟುಬಂದ.

ಒಂದೂವರೆ ವರ್ಷ ಸುದ್ದಿಯಿಲ್ಲ. ಕೊನೆಗೆ ಸಿಡಿ ಬಂತು. ಪದಗಳೆಲ್ಲ ಇದ್ದವು. ತಂಬೂರಿ, ಶ್ರುತಿ ಎಲ್ಲ ಸರಿಯಾಗಿತ್ತು. ತಿರುಮಲೇಶ ಕಣ್ಣು ಮುಚ್ಚಿ ತಲೆದೂಗಿದ. ಮೂರನೆಯ ಪದದಲ್ಲಿ ಟಿಕ್, ಟಿಕ್, ಟಿಕ್ ಎಂದಿತು. ಕಣ್ಣು ಬಿಟ್ಟ. ಚಿಕ್ಕವಳಿದ್ದಾಗ ಪಾವನಾ ತಟ್ಟೆಯ ಮೇಲೆ ಗ್ರಾಮಫೋನಿನ ಮುಳ್ಳನ್ನು ಎಳೆದು ಮಾಡಿದ್ದ ಗೀರು ಅದು! ತನ್ನ ಮನೆಯ ಗೀರನ್ನೇ ಅಂಗಡಿಯಲ್ಲಿ ದುಡ್ಡು ಕೊಟ್ಟು ತಂದಿದ್ದ.

ತಟ್ಟೆಯಾದರೂ ವಾಪಸು ಬರಲಿ ಎಂದು ಕಂಪನಿಗೆ ಅಲೆದ. ರಘುರಾಮ ಊಟಕ್ಕೆ ಹೋಗಿರುತ್ತಿದ್ದರು, ಇಲ್ಲವೆ ಗೋಡೌನ್ ಬದಲಾಗುತ್ತಿತ್ತು. ಕಡೆಗೆ ಒಂದು ತಟ್ಟೆ ಸಿಕ್ಕಿತು. ಹೊದಿಕೆಯ ಮೇಲೆ ಶಾಯಿಯಲ್ಲಿ 'ಐತಪ್ಪ, ತಾಂಬರಂ' ಎಂದಿತ್ತು.

"ಇದು ನನ್ನದಲ್ಲ ಕಣ್ರೀ!"

"ಅಯ್ಯೋ, ಮಾರಿಹೋಗಿದೆ, ಅದಲುಬದಲಾಗಿದೆ. ಅವರೂ ನಿಮ್ಮ ಹಾಗೇ ಬಂದು ಜಗಳ ಆಡಿ ಕೊಟ್ಟುಹೋದ್ರು ಸಾರ್."

"ಅಂದ್ರೆ ಎರಡು ತಟ್ಟೆ ಇತ್ತಾ? ಇದ್ರಲ್ಲಿ ಗೀರಿಲ್ಲ. ಮತ್ಯಾಕೆ ನನ್ನದನ್ನೇ ಹಾಕಿದ್ರಿ?"

"ಮೇಲೆ ಇದ್ದದ್ದು ತಗೊಂಡಿರ್ತಾರೆ ಸಾರ್."

ತಿರುಮಲೇಶ ಐತಪ್ಪನವರ ವಿಳಾಸ ಬರೆಸಿಕೊಂಡು ಹೊರಟ.

ಭಾನುವಾರ ಆ ತಟ್ಟೆ ಹಿಡಿದು ತಾಂಬರಂಗೆ ಹೋದ. ಐತಪ್ಪನವರು ರೈಲ್ವೆಯಿಂದ ನಿವೃತ್ತರಾದ ಮಂಗಳೂರಿನ ಕಡೆಯವರು. ಬಾಗಿಲು ತೆಗೆದವರೇ ಅವನ ಕೈಯಲ್ಲಿದ್ದ ತಟ್ಟೆ ನೋಡಿ, "ಬನ್ನಿ, ಬನ್ನಿ! ನಿಮ್ಮ ಪ್ಲೇಟು ನನ್ನಲ್ಲಿ ಉಂಟು ಮಾರಾಯ್ರೇ. ಎಂಥ ಗೀರು ಹಾಕಿದ್ದೀರಿ ಅದಕ್ಕೆ!" ಎಂದು ಒಳಗೆ ಕರೆದರು. ಅವರ ಮನೆಯಲ್ಲೂ ಕಪಾಟು, ಅದರಲ್ಲೂ ಅದೇ ಗುಣವತಿಬಾಯಿ, ಅವೇ ಸಿಡಿಗಳು. ಕಂಪನಿಯನ್ನು ಇಬ್ಬರೂ ಮನಸಾರೆ ಬೈದರು. ಬೈದು ಹಗುರಾದ ಮೇಲೆ ಒಪ್ಪಂದಕ್ಕೆ ಬಂದರು: ಗೀರಿಲ್ಲದ ತಟ್ಟೆಯೂ ಕ್ಯಾಸೆಟ್ಟೂ ತಾಂಬರಂನಲ್ಲಿ, ಕೊನೆಯ ಸಿಡಿ ಕ್ರೋಂಪೇಟೆಯಲ್ಲಿ. ಉಳಿದದ್ದೆಲ್ಲ ಬೇಕಾದವರಿಗೆ.

ಅಂಬುಜಾ ನಂಬಲಿಲ್ಲ. ಉಳಿದ ಗಾಯಕರ ಪ್ರತಿಗಳನ್ನೂ ಹೀಗೆಯೇ ಹಂಚಿಕೊಂಡು, ಕಪಾಟಿನ ಎರಡು ಖಾನೆ ನಿಜವಾಗಿಯೂ ಖಾಲಿಯಾದಾಗ ಅವಳು ಮಂಚದ ಕೆಳಗಿಂದ ಸೂಟ್‌ಕೇಸು ಎಳೆದು ತಂದಳು.

ತಿರುಮಲೇಶನಿಗೆ ಮಾತ್ರ ನೆಮ್ಮದಿ ಸಿಗಲಿಲ್ಲ. ತಟ್ಟೆಯನ್ನು ಕೇಳಬೇಕಾದರೆ ತಾಂಬರಂಗೇ ಹೋಗಬೇಕು, ಹೋದರೆ ಐತಪ್ಪನವರ ಬಾಯಿ ನಿಲ್ಲದು. ಪಲ್ಲವಿ ಶುರುವಾಗುವ ಹೊತ್ತಿಗೆ ತೊಡೆ ತಟ್ಟುತ್ತ, "ಈಗ ನೋಡಿ, ಈಗ ಎತ್ತುತ್ತಾಳೆ ನೋಡಿ," ಎನ್ನುವರು.

ಒಂದು ಭಾನುವಾರ ತಿರುಮಲೇಶ ತಡೆಯಲಾರದೆ ಹೇಳಿಯೇಬಿಟ್ಟ: "ಸ್ವಲ್ಪ ಸುಮ್ನಿರ್ತೀರಾ? ಕೇಳಿಸ್ತಿಲ್ಲ."

ಐತಪ್ಪನವರು ಬೇಸರಪಡಲಿಲ್ಲ. "ಹೌದಾ? ಹಾಗಾದರೆ ಮೊದಲಿಂದ ಹಾಕುವ," ಎಂದು ಮುಳ್ಳನ್ನು ಎತ್ತಿ ಅಂಚಿಗೆ ಇಟ್ಟರು. ತಂಬೂರಿ ಕೇಳಿಸಿತು. ಆಮೇಲೆ ಐತಪ್ಪನವರೂ.