ನೌಕರಿ ಕೊಡುವವರಾಗಿ

ಠಾಣೆ ನಗರದ ನಮ್ಮ ಕಾಲೇಜಿನಲ್ಲಿ ಸ್ವಂತ ಉದ್ಯಮ ಕಟ್ಟುವುದು ಹೇಗೆಂದು ಕಲಿಸುತ್ತಿದ್ದ ಪ್ರೊಫೆಸರ್ ಉಡುಪಿ ಕಡೆಯವರು. "ನೌಕರಿ ಕೇಳಬೇಡಿ, ಕೊಡುವವರಾಗಿ" ಎಂದು ಪ್ರತಿ ಪಾಠದ ಕೊನೆಗೆ ಮೇಜು ಕುಟ್ಟುತ್ತಿದ್ದರು. ಕುಟ್ಟಿದ ಮೇಲೆ ಕೊರಳಿನ ಐಡಿ ಕಾರ್ಡನ್ನು ನೇರ ಮಾಡಿಕೊಳ್ಳುತ್ತಿದ್ದರು.

ಕೊನೆಯ ವರ್ಷ, ಕ್ಯಾಂಪಸ್ ಇಂಟರ್‌ವ್ಯೂನಲ್ಲಿ ಸಿಕ್ಕ ಕೆಲಸ ಬಿಟ್ಟು ಕಾಮೋಠೆಯಲ್ಲಿ ದೋಸೆ ಹಿಟ್ಟಿನ ಧಂದೆ ಶುರು ಮಾಡುತ್ತೇನೆಂದು ಸ್ಟಾಫ್‌ರೂಮಿಗೆ ಹೋಗಿ ಹೇಳಿದೆ. ನನ್ನಪ್ಪನದು ಠಾಣೆ ರೈಲ್ವೆ ಸ್ಟೇಷನ್ ಎದುರು ಹೋಟೆಲು. ಮಗ ಎಸಿಯಲ್ಲಿ ಕೂರಲಿ ಎಂದೇ ಅವರು ನನ್ನನ್ನು ಓದಿಸಿದ್ದು.

ಪ್ರೊಫೆಸರ್ ಐಡಿ ಕಾರ್ಡ್ ಹಿಡಿದುಕೊಂಡರು. "ಅಪ್ಪನಿಗೆ ಹೇಳಿದ್ಯಾ?"

"ಇಲ್ಲ ಸರ್. ಇವತ್ತು ಹೇಳ್ತೇನೆ."

ಅವರು ಎದ್ದು ಹೋಗಿ ಬಾಗಿಲು ಹಾಕಿ ಬಂದು, ನನ್ನ ಕೈ ಕುಲುಕಿದರು.

"ಒಳ್ಳೆಯದಾಗಲಿ. ನನ್ನ ಹೆಸರು ಮಾತ್ರ ಹೇಳ್ಬೇಡ ಮಾರಾಯ. ನಾನು ದಿನಾ ನಿನ್ನಪ್ಪನ ಹೋಟೆಲಲ್ಲೇ ಚಾ ಕುಡಿಯುವವ."