ಕೊಳವೆಗೆ ತುರುಕಿದ ಸೀರೆಯ ಚೂರು

ಪುಟ್ಟಿ, ಚಿನ್ನು, ನಾವು ಊರು ಬಿಟ್ಟು ದೂರದ ಕಾಮೋಠೆಯಲ್ಲಿದ್ದಾಗ ನಿಮ್ಮಜ್ಜನ ಬಳಿ ಹಳೆಯ ಅಮೆರಿಕನ್ ಕಾರೊಂದಿತ್ತು. ಸೈಲೆನ್ಸರ್ ಅಲ್ಲದೆ, ಎಂಜಿನ್ನಿನ ಒಳಗೆ ತುಂಬುವ ಹೊಗೆ ಹೊರಹೋಗಲು ಅದರ ಕೆಳಗೆ ಇನ್ನೊಂದು ಕೊಳವೆ. ಅದರಿಂದ ನಮ್ಮ ಹೌಸಿಂಗ್ ಸೊಸೈಟಿಯ ಅಂಗಳಕ್ಕೆ ಕಪ್ಪು ಎಣ್ಣೆ ತೊಟ್ಟಿಕ್ಕುತ್ತಿತ್ತು. ನೆರೆಯ ಹೆಂಗಸರು ನನ್ನನ್ನೇ ತಡೆದು ದೂರುತ್ತಿದ್ದರು. ಉತ್ತರ ಕೊಡಲು ಸಂಕೋಚಪಟ್ಟು, ಒಂದು ಮಧ್ಯಾಹ್ನ ಹಳೆಯ ಸೀರೆಯ ಚೂರನ್ನು ಆ ಕೊಳವೆಗೆ ಬಿಗಿಯಾಗಿ ತುರುಕಿಬಿಟ್ಟೆ.

ಹೊಸ ಪಿಸ್ಟನ್, ದೊಡ್ಡ ಕಾರ್ಬುರೇಟರ್ ಹಾಕಿಸಿಕೊಂಡು ಕಾರು ಆಗಷ್ಟೇ ಗ್ಯಾರೇಜಿನಿಂದ ಬಂದಿತ್ತು. ಮರುದಿನ ಹತ್ತಿರದ ಬೇಲಾಪುರಕ್ಕೆ ಹೋಗಿಬರುವಷ್ಟರಲ್ಲಿ ಎಂಜಿನ್ನಿನ ಸಂದುಸಂದಿನಿಂದ ಎಣ್ಣೆ ಸೋರತೊಡಗಿತು. ಅಜ್ಜ ಆ ಗ್ಯಾರೇಜಿನ ಮೆಕ್ಯಾನಿಕನನ್ನು ಮನೆಗೇ ಕರೆಸಿದರು. ಅವನೂ ನಮ್ಮ ಉಡುಪಿ ಕಡೆಯವನೇ.

"ಎಂಥ ಕೆಲಸ ಮಾರಾಯ ಇದು! ಇನ್ನು ನಿನ್ನ ಹತ್ರ ಒಬ್ಬರನ್ನೂ ಕಳಿಸುದಿಲ್ಲ," ಎಂದು ಅಜ್ಜ ರೇಗಿದರು.

"ಇಷ್ಟು ವರ್ಷದಲ್ಲಿ ನನ್ನ ಕೈಯಲ್ಲಿ ಹೀಗೆ ಆಗ್ಲೇ ಇಲ್ಲ ಸಾರ್," ಎಂದು ಅವನು ತಲೆ ತಗ್ಗಿಸಿ ನಿಂತ.

ಅಡುಗೆಮನೆಯಲ್ಲಿದ್ದ ನನಗೆ ಎಲ್ಲವೂ ಕೇಳಿಸಿತು. ಅವನ ಗಿರಾಕಿಗಳೆಲ್ಲ ಅಜ್ಜನ ಗೆಳೆಯರೇ. ಪರಪುರುಷರೆದುರು ಬಾಯಿ ತೆರೆಯದ ನಾನು ಹೊರಗೆ ಬಂದು, "ಕೊಳವೆಗೆ ಬಟ್ಟೆ ತುರುಕಿದ್ದು ನಾನು," ಎಂದೆ.

ಅವನು ಒಂದು ಕ್ಷಣ ನೋಡಿ ಜೋರಾಗಿ ನಕ್ಕ. "ಹೊಗೆಗೆ ದಾರಿ ಇಲ್ಲದಿದ್ರೆ ಎಣ್ಣೆಯನ್ನು ದೂಡಿಕೊಂಡು ಬರ್ತದೆ ಅಕ್ಕ! ಒಂದು ವಾಲ್ವ್ ಹಾಕಿ ಹೊಗೆಯನ್ನು ಎಂಜಿನ್ನಿಗೇ ತಿರುಗಿಸಿಕೊಡ್ತೇನೆ, ಅಲ್ಲೇ ಉರಿದು ಹೋಗ್ತದೆ. ಮತ್ತೆ ನೆಲಕ್ಕೆ ತೊಟ್ಟಿಕ್ಕುದಿಲ್ಲ."

ಅಜ್ಜ ತಾವೇ ಅವನಿಗೆ ಚಹಾ ತಂದುಕೊಟ್ಟು, "ತಪ್ಪಾಯ್ತು ಮಾರಾಯ," ಎಂದರು. ಅವರ ಬಾಯಲ್ಲಿ ಆ ಮಾತನ್ನು ನಾನು ಕೇಳಿದ್ದು ಅದೊಂದೇ ಸಲ. ನನ್ನನ್ನು ಬೈಯಲೂ ಇಲ್ಲ.

ನಿಮಗಾಗಿ ಬರೆದ ಈ ಹಾಳೆಗಳನ್ನು ಗೆದ್ದಲು ಮುಟ್ಟದ ಕಡೆ ಎತ್ತಿಡಿ, ಮಕ್ಕಳೇ.